ಇನ್ನೂರು ವರ್ಷ ಬಣ್ಣ ಕೆಡದ ಅಡಿಕೆ

ಇದರಲ್ಲಿ ಒಂದು ಮಾತು ಸುಳ್ಳಿದ್ದರೆ, ಅಡಿಕೆ ಚೀಲ ತುಂಬಿಕೊಂಡು ಏರು ಹತ್ತುವಾಗ ನನ್ನ ಲಗೇಜ್ ಆಟೋ ಹಿಂದಕ್ಕೆ ಜಾರಿ ಸೀದಾ ಭೀಮಸಮುದ್ರದ ಕೆರೆಗೆ ಬೀಳಲಿ. ಹೆಂಡತಿಯ ಮೇಲೆ ಆಣೆ ಮಾಡಬಹುದಿತ್ತು. ಆದರೆ ಹೋದ ಸಲ ಮಾಡಿದ ಆಣೆಯನ್ನೇ ಅವಳು ಇನ್ನೂ ಮರೆತಿಲ್ಲ.

ನಾನು ಗೊಲ್ಲಪ್ಪ. ನಾಲ್ಕನೇ ಕ್ಲಾಸಿನವರೆಗೆ ಓದಿದೆ. ಐದನೆಯದಕ್ಕೆ ಮೇಷ್ಟ್ರೂ ನಾನೂ ಪರಸ್ಪರ ಒಪ್ಪಿಕೊಂಡು ಬೇರೆಯಾದೆವು. ಅವತ್ತಿನಿಂದ ಭೀಮಸಮುದ್ರ, ಹೊಳಲ್ಕೆರೆ, ಚಿತ್ರದುರ್ಗ ಎಂದು ಅಡಿಕೆ ಹೊಡೆಯುತ್ತಿದ್ದೇನೆ. ಮೊದಲು ಗಾಡಿಯಲ್ಲಿ, ಈಗ ಆಟೋದಲ್ಲಿ. ಹೊಡೆಯುವುದು ಹೆಚ್ಚಾಗಿ ಅಂಜನಪ್ಪನವರ ಮಂಡಿಗೆ. ಅಂಜನಪ್ಪನವರೆಂದರೆ ಅಡಿಕೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅದು ಯಾರ ತೋಟದ್ದು, ಯಾವ ತಿಂಗಳು ಬೇಯಿಸಿದ್ದು, ಬೇಯಿಸುವಾಗ ಗಂಡ ಹೆಂಡತಿ ಜಗಳವಾಡಿದ್ದರೋ ಇಲ್ಲವೋ ಎಂದು ಹೇಳುವಂಥವರು. ಅಡಿಕೆ ವಿಷಯದಲ್ಲಿ ಅವರು ಮೋಸ ಹೋದದ್ದಿಲ್ಲ. ಅಳಿಯನ ವಿಷಯದಲ್ಲಿ ಹೋದೆ ಎಂದು ಅವರೇ ಹೇಳುತ್ತಿದ್ದರು.

ಅಳಿಯ ಹನುಮೇಶ್. ಹೊಳಲ್ಕೆರೆಯಲ್ಲಿ ಫೋಟೋ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜು, ಮದುವೆ ಆಲ್ಬಮ್ಮು, ನಾಮಕರಣ. ಮನುಷ್ಯ ಚಿನ್ನ. ಆದರೆ ಎಡಕ್ಕೆ ಹೋಗು ಎಂದರೆ ಯಾರ ಎಡಕ್ಕೆ ಎಂದು ಯೋಚಿಸುತ್ತಾ ನಿಂತುಬಿಡುವ ಜಾತಿ. ಅವನು ಬೆಂಗಳೂರಿನಲ್ಲಿ ಐದು ದಿನದ ಏನೋ ಟ್ರೈನಿಂಗ್ ಮುಗಿಸಿ ಭೀಮಸಮುದ್ರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಟಮಟ ಮಧ್ಯಾಹ್ನ, ಎರಡೂ ಕೈಗೆ ಬಿಳಿ ಬಟ್ಟೆಯ ಗ್ಲೌಸು.

"ಕೈ ಸುಟ್ಕಂಡ್ಯೇನಪ್ಪ?" ಎಂದು ಹೋಟೆಲಿನವನು ಕೇಳಿದ.

"ಇಲ್ಲಣ್ಣ. ಅಭ್ಯಾಸ ಆಗ್ಲಿ ಅಂತ."

ಅವನ ಹಿಂದೆಯೇ ಎಮ್ಮೆ ಕರುವಿನಷ್ಟು ದೊಡ್ಡ ಡಬ್ಬಿ ಬಂತು. ಅದನ್ನು ಇಳಿಸಿಕೊಂಡು ಹೋದವನು ನಾನೇ. ಒಳಗಿದ್ದದ್ದು ಪ್ರಿಂಟ್ ಮಾಡುವ ಯಂತ್ರ. ಮಾವನ ಮಂಡಿಗೆ ಅಂಟಿಕೊಂಡಿದ್ದ ಖಾಲಿ ರೂಮಿನಲ್ಲಿ ಅದನ್ನು ಕೂರಿಸಿದ. ಗೋಡೆಗೆ ಬೂದು ಬಣ್ಣ ಬಳಿದ. ಅಂಜನಪ್ಪನವರ ಮಲಗುವ ಕೋಣೆಯಲ್ಲೂ ಇಲ್ಲದ ಏಸಿಯನ್ನು ಆ ಯಂತ್ರಕ್ಕೆ ಹಾಕಿಸಿದ. ಬಾಗಿಲ ಮೇಲೆ ಬೋರ್ಡು: "ಹನುಮೇಶ್ ಫೈನ್ ಆರ್ಟ್ ಆರ್ಕೈವಲ್ ಪ್ರಿಂಟ್ಸ್". ಊರಿನಲ್ಲಿ ಅದನ್ನು ಪೂರ್ತಿ ಓದಿದವರು ಇಬ್ಬರು. ಒಬ್ಬ ಬರೆದವನು, ಇನ್ನೊಬ್ಬಳು ಹನುಮೇಶನ ಹೆಂಡತಿ ಸುಮಿತ್ರಾ.

ಮೊದಲ ಚಿತ್ರ ತಯಾರಾಯಿತು. ಮಾವನ ಮಂಡಿಯ ಕಣದಲ್ಲೇ ಹೊಡೆದದ್ದು. ಆಗಷ್ಟೇ ಬೇಯಿಸಿ ಹರಡಿದ ಅಡಿಕೆ, ಮೇಲೆ ಏಳುವ ಹಬೆ, ಒಂದು ಮೂಲೆಯಲ್ಲಿ ಅಡಿಕೆ ಕೆದಕುತ್ತಿರುವ ಒಂದು ಹೆಂಗಸಿನ ಕೈ. ಅಷ್ಟೇ. ಆದರೆ ನೋಡಿದರೆ ಬಗ್ಗಿ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತು. ನಾನು ಕೈ ಚಾಚಿಯೂ ಚಾಚಿದೆ. ಹನುಮೇಶ್ ಗ್ಲೌಸಿನ ಕೈಯಿಂದ ಪಟ್ಟನೆ ಹೊಡೆದ.

"ಮುಟ್ಬೇಡ ಗೊಲ್ಲಪ್ಪಣ್ಣ. ಕೈ ಬೆವರು ತಾಗಿದ್ರೆ ಆಯಸ್ಸು ಕಮ್ಮಿ ಆಗುತ್ತೆ."

"ಯಾರ್ದು?"

"ಚಿತ್ರದ್ದು."

ಅಂಜನಪ್ಪನವರು ಬಾಗಿಲಲ್ಲಿ ನಿಂತು ನೋಡಿದರು. ಅವರು ಆ ರೂಮಿಗೆ ಕಾಲಿಟ್ಟಿರಲಿಲ್ಲ. ಏಸಿಗೆ ನೆಗಡಿ ಬರುತ್ತದೆ ಎನ್ನುವುದು ನೆಪ.

"ಎಷ್ಟಕ್ಕೆ ಮಾರೀರಿ ಅಳಿಯಂದ್ರೆ ಇದನ್ನ?"

"ದೊಡ್ಡದು ಆರು ಸಾವಿರ ಮಾವ. ಸಣ್ಣದಾದ್ರೆ ಎರಡು."

"ಇದ್ರಾಗಿರೋ ಅಡಿಕೆನೇ ಅಷ್ಟು ಬಾಳಲ್ಲ."

"ಇದು ಮಾಮೂಲಿ ಫೋಟೋ ಅಲ್ಲ ಮಾವ. ಹತ್ತಿ ಕಾಗದ. ಒಳ್ಳೆ ಶಾಯಿ. ಇನ್ನೂರು ವರ್ಷ ಬಣ್ಣ ಕೆಡಲ್ಲ."

"ಇನ್ನೂರು ವರ್ಷಕ್ಕೆ ಮುಂಚೆ ಕೆಟ್ರೆ ಯಾರನ್ನ ಹುಡಿಕ್ಕಂಡು ಬರ್ಬೇಕು?"

ಹನುಮೇಶ್ ಇದನ್ನು ಯೋಚಿಸಿರಲಿಲ್ಲ. ಆದ್ದರಿಂದ ಬೇರೆ ಮಾತು ಹೇಳಿದ. "ಒಂದು ಚಿತ್ರಕ್ಕೆ ಹತ್ತೇ ಪ್ರತಿ ಮಾವ. ನಂಬರ್ ಹಾಕಿ, ಸೀಸದಕಡ್ಡೀಲಿ ಸೈನ್ ಮಾಡಿ ಕೊಡ್ತೀನಿ. ಹನ್ನೊಂದನೇದು ಮಾಡಲ್ಲ."

"ಯಾಕೆ, ಕಾಗದ ಸಾಲಲ್ವಾ?"

"ಸಾಲುತ್ತೆ. ಆದ್ರೂ ಮಾಡಲ್ಲ."

"ಗಿರಾಕಿ ಬಾಗ್ಲಿಗೆ ಬಂದು ನಿಂತ್ರೂ?"

"ನಿಂತ್ರೂ ಮಾಡಲ್ಲ."

ಅಂಜನಪ್ಪನವರು ಮಗಳ ಮುಖ ನೋಡಿದರು. ನಲವತ್ತು ವರ್ಷ ಗಿರಾಕಿಗಳನ್ನು ಬಸ್‌ಸ್ಟ್ಯಾಂಡಿನಿಂದ ರಟ್ಟೆ ಹಿಡಿದು ಕರೆತಂದ ಮನುಷ್ಯ. ಅವರ ಎದೆಗೆ ಏನಾಗಿರಬೇಡ.

"ನೋಡ್ರಿ ಅಳಿಯಂದ್ರೆ," ಎಂದರು. "ಬರೋ ಅಮಾಸೆ ಕಳೀತಿದ್ದಂಗೆ ಹೊಸ ಅಡಿಕೆ ಬರುತ್ತೆ. ಈ ರೂಮು ನನಗೆ ಚೀಲಕ್ಕೆ ಬೇಕು. ಅಮಾಸೆಯೊಳಗೆ ಒಂದೇ ಒಂದು ಮಾರಿ ತೋರಿಸ್ರಿ, ರೂಮು ನಿಮ್ಮದೇ. ಇಲ್ಲ ಅಂದ್ರೆ ಆ ಯಂತ್ರ ಬಂದ ದಾರಿ ಹಿಡಿಯುತ್ತೆ, ನೀವು ನಮ್ಮ ಮಂಡಿಯಾಗೆ ತೂಕದ ತಾವ ಕುಂತ್ಕಳ್ರಿ."

"ಒಂದು ತಾನೆ ಮಾವ? ನಮ್ಮ ಚಿಕ್ಕಪ್ಪನೇ ತಗಂತಾರೆ."

"ಅದಾಗಲ್ಲ. ನೆಂಟ್ರು ತಗಂಡ್ರೆ ಅದು ವ್ಯಾಪಾರ ಅಲ್ಲ, ಮುಯ್ಯಿ. ನಾಳೆ ಅವ್ರ ಮನೆ ಮದ್ವೇಲಿ ನಾನು ಅದ್ರಪ್ಪನಂತದ್ದು ವಾಪಸ್ ಹಾಕ್ಬೇಕು. ನೆಂಟ್ರಿಗಲ್ಲ, ಬೀಗ್ರಿಗಲ್ಲ, ನನ್ನ ಮಂಡಿಗೆ ಅಡಿಕೆ ಹಾಕೋರಿಗಲ್ಲ. ಪೂರಾ ಹೊರಗಿನೋರಿಗೆ."

ಸುಮಿತ್ರಾ ಮುಂದೆ ಬಂದು, "ಆಯ್ತಪ್ಪಾ. ಹೊರಗಿನೋರು ಅಂತ ತೀರ್ಮಾನ ಮಾಡೋರು ಯಾರು?" ಎಂದಳು.

"ಓಬಕ್ಕ," ಎಂದರು ಅಂಜನಪ್ಪನವರು.

ಈ ಓಬಕ್ಕನ ವಿಷಯ ಹೇಳಬೇಕು. ಮಂಡಿಯಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಚಿತ್ರದಲ್ಲಿರುವ ಕೈಯೂ ಅವಳದೇ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರು ತಾಲ್ಲೂಕಿನಲ್ಲಿ ಯಾರ ಮಗಳನ್ನು ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು, ಕೊಟ್ಟ ಮೇಲೆ ಏನಂದುಕೊಂಡರು ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿ. ಕೈಯಲ್ಲಿ ಕತ್ತಿ ಅಡಿಕೆ ಸುಲಿಯುತ್ತಿರುತ್ತದೆ, ಬಾಯಿ ಸಂಬಂಧ ಸುಲಿಯುತ್ತಿರುತ್ತದೆ.

ಹನುಮೇಶ್ ಶುರು ಮಾಡಿದ. ಚಿತ್ರವನ್ನು ಮಗುವಿನ ಹಾಗೆ ಸುತ್ತಿಕೊಂಡು, ನನ್ನ ಆಟೋ ಹತ್ತಿ, ಮೊದಲು ದುರ್ಗದ ಕೋಟೆಯ ಬಾಗಿಲಿಗೆ ಹೋದೆವು. ಕೋಟೆ ನೋಡಲು ಬಂದವರೆಲ್ಲ ಚಿತ್ರ ನೋಡಿ ಭೇಷ್ ಎಂದರು. ಭೇಷ್ ಎಂದು ಮೊಬೈಲಿನಲ್ಲಿ ಅದರ ಫೋಟೋ ಹೊಡೆದುಕೊಂಡು ಹೋದರು. ಒಬ್ಬನಂತೂ ಇಬ್ಬರಿಗೆ ಕಳಿಸಿಯೂ ಕಳಿಸಿದ, ನಮ್ಮ ಎದುರಿಗೇ. ಆಮೇಲೆ ಹಿರಿಯೂರಿಗೆ ಹೋದೆವು. ಅಲ್ಲಿ ಒಂದು ಫ್ರೇಮಿನ ಅಂಗಡಿಯವನು, "ಇದಕ್ಕೆ ಮಧ್ಯ ಒಂದು ಗಡಿಯಾರ ಕೂರಿಸಿದ್ರೆ ಹೋಗುತ್ತೆ ನೋಡ್ರಿ," ಎಂದ. ವಾಪಸ್ ಬರುತ್ತಾ ಬಬ್ಬೂರು ದಾಟಿದ ಮೇಲೆ ಹನುಮೇಶ್, "ಗಡಿಯಾರ ಅಂತೆ," ಎಂದ.

ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಎನ್ನುವಾಗ ದೇವರು ಕಣ್ಣು ಬಿಟ್ಟ. ಹೊಸದುರ್ಗದಿಂದ ರಂಗೇಶ್ ಎಂಬ ರಿಟೈರಾದ ಮೇಷ್ಟ್ರು ತಾವಾಗಿಯೇ ಬಂದರು. ಕನ್ನಡಕ ಮೇಲೆತ್ತಿ, ಕೆಳಗಿಳಿಸಿ, ಕಾಗದವನ್ನು ಅಡ್ಡ ಬೆಳಕಿಗೆ ಹಿಡಿಸಿ, ಅರ್ಧ ಗಂಟೆ ನೋಡಿದರು. "ಇಂಥದ್ದು ಮನೇಲಿ ಒಂದಿರಬೇಕು," ಎಂದು ಜೇಬಿಗೆ ಕೈ ಹಾಕಿದರು. ಹನುಮೇಶ್ ಆಗಲೇ ಸೀಸದಕಡ್ಡಿ ಕೈಗೆ ತೆಗೆದುಕೊಂಡ.

ಆಗ ಓಬಕ್ಕ ಟೀ ತಂದಳು.

"ಯಾವೂರಾತು ಮೇಷ್ಟ್ರೆ?"

"ಹೊಸದುರ್ಗ."

"ಹೊಸದುರ್ಗದಾಗೆ ಯಾರ ಪೈಕಿ?"

ಸುಮಿತ್ರಾ ಕಣ್ಣಿನಲ್ಲೇ ಬೇಡ ಎಂದಳು. ನಾನು ಕೆಮ್ಮಿದೆ. ಮೇಷ್ಟ್ರು ಒಳ್ಳೆಯ ಮನುಷ್ಯ, ತಂದೆಯ ಹೆಸರು ಹೇಳಿದರು. ತಾಯಿಯ ಊರನ್ನೂ ಹೇಳಿದರು. ಓಬಕ್ಕ ಮೇಲೆ ಜಂತಿ ನೋಡುತ್ತಾ ಎರಡು ಸಲ ತುಟಿ ಅಲ್ಲಾಡಿಸಿದಳು.

"ಹಂಗಾರೆ ನಿಮ್ಮವ್ವನ ತಂಗೀನ ಕೊಟ್ಟಿದ್ದು ನಮ್ಮ ಸಾವ್ಕಾರ್ರ ದೊಡ್ಡಪ್ಪನ ಮನೆಗೇ. ನೀವು ಸಾವ್ಕಾರ್ರಿಗೆ ತಮ್ಮ ಆಗ್ಬೇಕು."

"ಹೌದೇ?" ಎಂದು ಮೇಷ್ಟ್ರು ಆನಂದದಿಂದ ಎದ್ದು ನಿಂತರು. ಅಂಜನಪ್ಪನವರು ಮಂಡಿಯಿಂದ ಓಡಿ ಬಂದು ಅಪ್ಪಿಕೊಂಡರು. ಮಧ್ಯಾಹ್ನಕ್ಕೆ ಹೋಳಿಗೆ ಆಯಿತು. ಮೇಷ್ಟ್ರು ದುಡ್ಡು ಕೊಡಲು ಬಂದರೆ ಅಂಜನಪ್ಪನವರು, "ತಮ್ಮನ ಹತ್ರ ದುಡ್ಡು ಇಸ್ಕಂತಾರೇನು," ಎಂದು ಚಿತ್ರವನ್ನು ಹಾಗೆಯೇ ಕೊಟ್ಟು ಕಳಿಸಿದರು.

ಒಂದು ಚಿತ್ರ ಹೋಯಿತು, ವ್ಯಾಪಾರ ಸೊನ್ನೆ. ಹನುಮೇಶ್ ಅವತ್ತು ರಾತ್ರಿ ಊಟಕ್ಕೆ ಗ್ಲೌಸು ತೆಗೆಯಲಿಲ್ಲ ಎಂದು ಸುಮಿತ್ರಾ ಹೇಳಿದಳು.

ಇನ್ನು ಮುಂದಿನದರಲ್ಲಿ ನನ್ನದೂ ಸ್ವಲ್ಪ ತಪ್ಪಿದೆ. ಸ್ವಲ್ಪ ಎಂದರೆ, ಪೂರ್ತಿ.

ಹೊಳಲ್ಕೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಜಂಪಣ್ಣ ಎಂಬ ವ್ಯಾಪಾರಿ. ಅವನ ಗೋಡೌನಿನಲ್ಲಿ ಹಳೇ ರಾಶಿ ಅಡಿಕೆ ಬಣ್ಣ ಕಳೆದುಕೊಂಡು, ಬಿಸಿಲಿಗೆ ಬಿದ್ದ ಚಪ್ಪಲಿಯ ಹಾಗೆ ಬೆಳ್ಳಗೆ ಕೂತಿತ್ತು. ಅಡಿಕೆಗೆ ಕೆಂಪು ಬರುವುದು ಅದನ್ನೇ ಬೇಯಿಸಿದಾಗ ಉಳಿಯುವ ಕೆಂಪು ನೀರು, ಚೊಗರಿನಿಂದ. ಆ ಕೆಂಪು ಹೋದರೆ ಬೆಲೆಯೂ ಹೋಯಿತು. ಅವನು ಟೀ ಕುಡಿಯುತ್ತಾ ಗೋಳು ಹೇಳಿಕೊಳ್ಳುತ್ತಿದ್ದ. ನನಗೆ ನಮ್ಮ ಹುಡುಗನನ್ನು ಸ್ವಲ್ಪ ಮೇಲೆತ್ತಬೇಕು ಅನ್ನಿಸಿತು.

"ನಿಂದೇನು ಬಿಡಪ್ಪ," ಎಂದೆ. "ನಮ್ಮ ಹನುಮೇಶಪ್ಪ ಮಾಡಿರೋ ಅಡಿಕೆ ನೋಡ್ಬೇಕು ನೀನು. ಇನ್ನೂರು ವರ್ಷ ಬಣ್ಣ ಕೆಡಲ್ಲ. ಬೆಂಗ್ಳೂರಾಗೆ ಕಲ್ತು ಬಂದವ್ನೆ."

ಚಿತ್ರ ಎಂದು ನಾನು ಹೇಳಲಿಲ್ಲ. ಹೇಳಬೇಕು ಎಂದುಕೊಂಡೆ, ಅಷ್ಟರಲ್ಲಿ ಮಿರ್ಚಿ ಬಂತು.

ಜಂಪಣ್ಣ ಲೋಟ ಕೆಳಗಿಟ್ಟ. "ಇನ್ನೂರು ವರ್ಷನಾ?"

"ಗ್ಯಾರಂಟಿ ಬರ್ದು ಕೊಡ್ತಾನೆ. ಸೀಸದಕಡ್ಡೀಲಿ."

ಮಾರನೇ ದಿನ ಬೆಳಿಗ್ಗೆ ಜಂಪಣ್ಣ ಹನುಮೇಶನ ಬಾಗಿಲಲ್ಲಿದ್ದ. ಪಕ್ಕದಲ್ಲಿ ನಾನೂ ಇದ್ದೆ, ಆದರೆ ಈ ಮಾತುಕತೆಯಲ್ಲಿ ನನ್ನ ಕೈವಾಡ ಒಂದಿಷ್ಟೂ ಇಲ್ಲ.

"ಎಷ್ಟು ಬಣ್ಣ ಹಾಕ್ತೀರಿ ಸ್ವಾಮಿ?" ಎಂದು ಜಂಪಣ್ಣ ದನಿ ತಗ್ಗಿಸಿದ.

"ಹನ್ನೆರಡು," ಎಂದ ಹನುಮೇಶ್. ಒಬ್ಬರಾದರೂ ಕಸುಬಿನ ಬಗ್ಗೆ ಕೇಳಿದರಲ್ಲ ಎಂದು ಅವನ ಮುಖ ಅರಳಿತ್ತು. "ಅದ್ರಾಗೆ ಬೂದು, ಕಪ್ಪೇ ನಾಲ್ಕೈದು ಥರ."

"ಅಡಿಕೆಗೆ ಬೂದು?"

"ನೆರಳಿಗೆ ಬೇಕಾಗುತ್ತೆ. ಇಲ್ಲ ಅಂದ್ರೆ ಅಡಿಕೆ ಸತ್ತಂಗೆ ಕಾಣುತ್ತೆ."

ಜಂಪಣ್ಣನ ಕಣ್ಣು ದೊಡ್ಡದಾಯಿತು. ಅವನು ಹುಟ್ಟಿದಾಗಿನಿಂದ ಅಡಿಕೆಗೆ ಒಂದೇ ಕೆಂಪು ನೋಡಿದವನು. "ಬಿಸಿಲಿಗೆ ಎಷ್ಟು ದಿನ ಇಡಬೇಕು?"

"ಬಿಸಿಲಾ? ಬಿಸಿಲಿಗೆ ತೋರಿಸ್ಲೇಬಾರದು. ಏಸ್ಯಾಗೆ ಒಂದು ದಿನ ಆರಬೇಕು. ಬರಿಗೈಲಿ ಮುಟ್ಟಂಗಿಲ್ಲ."

"ನೋಡ್ರಪ್ಪ, ಕಲ್ತೋರು ಅಂದ್ರೆ ಹಿಂಗಿರ್ಬೇಕು," ಎಂದು ಜಂಪಣ್ಣ ಕೈ ಮುಗಿದು ಹೋದ. ಹನುಮೇಶ್ ನನ್ನ ಕಡೆ ತಿರುಗಿ, "ಕಲೆ ಗೊತ್ತಿರೋ ಮನುಷ್ಯ," ಎಂದ.

ಸಂಜೆಯೊಳಗೆ ಏಳು ಚೀಲ ಬಂದವು. ಮಾರನೆಯ ದಿನ ಟ್ರಾಕ್ಟರು. ರೂಮಿನ ಮುಂದೆ ಸಾಲು. ಚಂದ್ರಕ್ಕ ಎಂಬ ಹೆಂಗಸು ಅಡಿಕೆ ಬಿಟ್ಟು, ಬಣ್ಣ ಹೋದ ತನ್ನ ಮದುವೆ ಸೀರೆಯನ್ನೇ ತಂದಿದ್ದಳು. "ಅಡಿಕೆಗೆ ಹಿಡಿಯೋದು ಸೀರೆಗೆ ಹಿಡಿಯಲ್ವಾ?" ಎಂದು ಅವಳ ವಾದ. ಒಬ್ಬ ಮುದುಕ ಟೋಪಿ ತೆಗೆದು ನರೆತ ತಲೆ ತೋರಿಸಿದ. ಹನುಮೇಶ್ ಬಾಗಿಲಲ್ಲಿ ನಿಂತು, ಗ್ಲೌಸು ಬೀಸುತ್ತಾ, "ನಾನು ಹತ್ತೇ ಮಾಡೋದು, ಹತ್ತೇ," ಎಂದು ಕೂಗಿದ. ಅದಕ್ಕೆ ಸಾಲಿನಲ್ಲಿ ನೂಕುನುಗ್ಗಲು ಜಾಸ್ತಿಯಾಯಿತು.

ಎಲ್ಲರಿಗೂ ವಿಷಯ ಬಿಡಿಸಿ ಹೇಳಿ, ಚೀಲ ವಾಪಸ್ ಹೊರಿಸುವಷ್ಟರಲ್ಲಿ ಸುಮಿತ್ರಾಳ ಗಂಟಲು ಕಟ್ಟಿತು. ಹೇಳಿದ್ದನ್ನು ಯಾರೂ ನಂಬಲೂ ಇಲ್ಲ. ದೊಡ್ಡವರಿಗೆ ಮಾತ್ರ ಮಾಡಿಕೊಡುತ್ತಾರೆ, ನಮಗೆ ಫೋಟೋ ತೋರಿಸಿ ಕಳಿಸುತ್ತಾರೆ ಎಂದು ಗೊಣಗುತ್ತಾ ಹೋದರು. ಗೊಣಗಿದವರಲ್ಲಿ ಯಾರೋ ಒಬ್ಬರು ಮೇಲಕ್ಕೆ ಅರ್ಜಿ ಬರೆದರು: ಭೀಮಸಮುದ್ರದಲ್ಲಿ ಹನುಮೇಶ್ ಎಂಬುವನು ಬಾಗಿಲು ಹಾಕಿಕೊಂಡು, ತಿನ್ನುವ ಅಡಿಕೆಗೆ ಹನ್ನೆರಡು ಥರದ ಬಣ್ಣ ಬಳಿಯುತ್ತಿದ್ದಾನೆ.

ಅಮಾವಾಸ್ಯೆಯ ದಿನ ಬಂತು. ಬೆಳಿಗ್ಗೆಯೇ ಅಂಜನಪ್ಪನವರು ಖಾಲಿ ಚೀಲದ ಕಟ್ಟುಗಳನ್ನು ತಂದು ರೂಮಿನ ಹೊಸ್ತಿಲಿಗೆ ಒರಗಿಸಿದ್ದರು. ಹನ್ನೊಂದು ಗಂಟೆಗೆ ಜೀಪು ಬಂತು. ಆಹಾರ ತಪಾಸಣೆಯ ಸಾಹೇಬರು, ಹೆಸರು ಶ್ರೀನಿವಾಸ್. ತೆಳ್ಳಗೆ, ಬೆಳ್ಳಗೆ, ಕೈಯಲ್ಲಿ ಫೈಲು. ಹಿಂದೆ ಒಬ್ಬ ಗುಮಾಸ್ತ, ಅವನ ಕೈಯಲ್ಲಿ ಅರಗು, ಮೇಣದಬತ್ತಿ, ಕವರುಗಳು. ಜೀಪು ನಿಲ್ಲುವಷ್ಟರಲ್ಲಿ ಮಂಡಿಯ ಮುಂದೆ ಮೂವತ್ತು ಜನ.

ಸಾಹೇಬರು ರೂಮಿನೊಳಗೆ ಹೋದರು. ಶಾಯಿಯ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಕೆಂಪು, ತಿಳಿ ಕೆಂಪು, ನೀಲಿ, ತಿಳಿ ನೀಲಿ, ಹಳದಿ, ಕಪ್ಪು.

"ಅಡಿಕೆಗೆ ನೀಲಿಯನ್ನೂ ಹಾಕುತ್ತೀರಾ?"

"ಹಬೆಗೆ ಸ್ವಲ್ಪ ಹಾಕ್ಬೇಕು ಸಾರ್," ಎಂದ ಹನುಮೇಶ್.

"ಯಾವ ಅಡಿಕೆಗೆ ಹಾಕಿದ್ದೀರಿ, ತೋರಿಸಿ."

ಹನುಮೇಶ್ ಗೋಡೆಯ ಮೇಲಿನ ಚಿತ್ರ ತೋರಿಸಿದ. "ಇದಕ್ಕೇ ಸಾರ್. ನಾನೇ ಹಾಕಿದ್ದು. ಹನ್ನೊಂದು ಸಲ ಸರಿ ಬರ್ಲಿಲ್ಲ. ಹನ್ನೆರಡನೇ ಸಲಕ್ಕೆ ಬಂತು."

ಗುಮಾಸ್ತ ಅದನ್ನು ಹಾಗೆಯೇ ಬರೆದುಕೊಂಡ: ಆರೋಪಿ ಒಪ್ಪಿಕೊಂಡಿರುತ್ತಾನೆ. ಹೊರಗೆ ಮೂವತ್ತು ಜನ ಒಟ್ಟಿಗೆ ಉಸಿರೆಳೆದುಕೊಂಡರು. ಅಂಜನಪ್ಪನವರು ನಲವತ್ತು ವರ್ಷ ಉಳಿಸಿಕೊಂಡು ಬಂದ ಮಂಡಿಯ ಹೆಸರು ಏಸಿಯ ಗಾಳಿಯಲ್ಲಿ ಹಾರಿಹೋಗುವುದನ್ನು ಕಣ್ಣಾರೆ ನೋಡುತ್ತಾ ನೆಗಡಿಯನ್ನೂ ಲೆಕ್ಕಿಸದೆ ಒಳಗೆ ಬಂದುಬಿಟ್ಟರು.

ಸಾಹೇಬರು ಚಿತ್ರವನ್ನು ನೋಡಿದರು. ಹತ್ತಿರ ಹೋಗಿ ನೋಡಿದರು. ಮೂಲೆ ಮೂಲೆ ಹುಡುಕಿದರು. ರೂಮಿನಲ್ಲಿ ಅಡಿಕೆ ಎಂಬುದು ಆ ಚಿತ್ರದೊಳಗೆ ಬಿಟ್ಟರೆ ಒಂದು ಚೂರೂ ಇಲ್ಲ ಎನ್ನುವುದು ಅವರಿಗೆ ನಿಧಾನವಾಗಿ ತಿಳಿಯಿತು.

"ಇದು ಫೋಟೋ," ಎಂದರು.

"ಫೈನ್ ಆರ್ಟ್ ಪ್ರಿಂಟು ಸಾರ್," ಎಂದು ಹನುಮೇಶ್ ತಿದ್ದಿದ.

ಸಾಹೇಬರು ಫೈಲು ಮುಚ್ಚಿ ಹೊರಡಲು ತಿರುಗಿದರು. ಬಾಗಿಲಲ್ಲಿ ಜಂಪಣ್ಣ ಎಲ್ಲರಿಗೂ ಕೇಳುವ ಹಾಗೆ, "ಬರಿಗೈಲಿ ಹೊಂಟ್ರು ನೋಡ್ರಪ್ಪ. ಒಳಗೆ ಕೈ ಬೆಚ್ಚಗಾಗೈತೆ," ಎಂದ. ಸಾಹೇಬರ ಕಾಲು ನಿಂತಿತು. ಮತ್ತೆ ಒಳಗೆ ಬಂದರು.

"ಸ್ಯಾಂಪಲ್ ತೆಗೆಯಿರಿ," ಎಂದು ಗುಮಾಸ್ತನಿಗೆ ಹೇಳಿದರು.

"ಯಾವುದರದು ಸಾರ್?"

"ಇದರದೇ. ಅರ್ಜಿಯಲ್ಲಿ ಇರುವ ಅಡಿಕೆ ಇದೊಂದೇ. ನಾಲ್ಕು ಸಮ ಭಾಗ ಮಾಡಿ ಅರಗು ಹಾಕಿ."

ಗುಮಾಸ್ತ ಕತ್ತರಿ ತೆಗೆದ. ಹನುಮೇಶ್ ಚಿತ್ರಕ್ಕೆ ಅಡ್ಡ ಬಿದ್ದ. "ಕತ್ತರಿಸ್ಬೇಡ್ರಿ ಸಾರ್. ಒಂದು ಭಾಗಕ್ಕೆ ಹಬೆ ಹೋಗುತ್ತೆ, ಒಂದಕ್ಕೆ ಓಬಕ್ಕನ ಕೈ ಹೋಗುತ್ತೆ. ಸಮ ಹೆಂಗಾಗುತ್ತೆ?"

ಇದು ಸಾಹೇಬರಿಗೂ ಸರಿ ಕಂಡಿತು. ನಾಲ್ಕೂ ಭಾಗ ಒಂದೇ ಥರ ಇರಬೇಕು ಎನ್ನುವುದು ನಿಯಮ. ಅವರು ಗಲ್ಲ ಕೆರೆದುಕೊಂಡರು.

"ನಾಲ್ಕು ಬೇರೆ ಮಾಡಿಕೊಡ್ತೀನಿ ಸಾರ್," ಎಂದ ಹನುಮೇಶ್. "ಸಣ್ಣ ಅಳತೇಲಿ. ಒಂದು ಕೂದ್ಲೆಳೆ ವ್ಯತ್ಯಾಸ ಇರಲ್ಲ. ನಮ್ಮ ಕಸುಬೇ ಅದು."

ಯಂತ್ರ ಶುರುವಾಯಿತು. ಇದನ್ನು ನಾನು ನಗಿಸಲಿಕ್ಕೆ ಹೇಳುತ್ತಿಲ್ಲ. ಮೂವತ್ತು ಜನವೂ ಬಾಗಿಲಿಗೆ, ಕಿಟಕಿಗೆ ತಲೆ ತೂರಿಸಿ ನಿಂತರು. ಬಿಳಿ ಕಾಗದ ಬೆರಳುಬೆರಳಷ್ಟು ಕೆಳಗಿಳಿಯಿತು. ಮೊದಲು ಹಬೆ ಬಂತು. ಹಬೆಯ ಕೆಳಗೆ ಒಂದೊಂದೇ ಸಾಲು ಅಡಿಕೆ, ಚೊಗರಿನ ತೇವ ಆರದ ಕೆಂಪು ಅಡಿಕೆ. ಕೊನೆಗೆ ಬಳೆ, ಬಳೆಯ ಹಿಂದೆ ಕೈ, ಚೊಗರು ಹತ್ತಿ ಕಪ್ಪಾದ ಉಗುರು.

"ಅಯ್ಯೋ ನನ್ನ ಕೈ," ಎಂದಳು ಓಬಕ್ಕ, ಮೆಲ್ಲಗೆ. ನಲವತ್ತು ವರ್ಷ ಆ ಕೈಯಲ್ಲಿ ಕೆಲಸ ಮಾಡಿದವಳು, ಆವತ್ತೇ ಮೊದಲು ಅದನ್ನು ನೋಡಿದವಳ ಹಾಗೆ ನೋಡಿದಳು. ಜಂಪಣ್ಣ ತಲೆಯ ಮೇಲಿನ ಟವೆಲು ತೆಗೆದು ಕಂಕುಳಿಗೆ ಇಟ್ಟುಕೊಂಡ. ಯಾಕೆ ಎಂದು ಅವನಿಗೂ ಗೊತ್ತಿಲ್ಲ.

ನಾಲ್ಕು ಚಿತ್ರ ಬಂದವು. ಹನುಮೇಶ್ ಅಡಿಯಲ್ಲಿ ಸೀಸದಕಡ್ಡಿಯಿಂದ ನಂಬರು, ಸೈನು ಹಾಕಿದ. ಸಾಹೇಬರು ಕೈ ಚಾಚಿದರು. ಹನುಮೇಶ್ ಅವರಿಗೆ ಒಂದು ಜೊತೆ ಗ್ಲೌಸು ಕೊಟ್ಟ. ಸಾಹೇಬರು ಹಾಕಿಕೊಂಡರು.

ಚಿತ್ರ ಕವರಿಗೆ ಇಳಿಯಬೇಕು, ಅಷ್ಟರಲ್ಲಿ ಅಂಜನಪ್ಪನವರು ಕೈ ಅಡ್ಡ ಹಿಡಿದರು.

"ದುಡ್ಡು ಸಾಹೇಬ್ರೆ?"

"ಯಾವ ದುಡ್ಡು?"

"ಸ್ಯಾಂಪಲ್ ತಗಂಡ್ರೆ ಅದ್ರ ಬೆಲೆ ಕೊಟ್ಟು ರಶೀದಿ ಹಾಕ್ಬೇಕು. ನಲವತ್ತು ವರ್ಷದಾಗೆ ನಾನು ಒಂದು ಹೋಳು ಅಡಿಕೇನೂ ಬಿಟ್ಟಿ ಕೊಟ್ಟೋನಲ್ಲ. ನಿಮ್ಮ ರೂಲ್ಸೇ ಹಂಗೈತೆ."

ಸಾಹೇಬರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ತಲೆಯಾಡಿಸಿದ, ರೂಲ್ಸು ಹಾಗೇ ಇತ್ತು.

"ಸರಿ. ಎಷ್ಟು?"

"ಒಂದಕ್ಕೆ ಎರಡು ಸಾವಿರ."

"ಈ ಅಂಗೈಯಗಲದ ಕಾಗದಕ್ಕೆ?"

ಅಂಜನಪ್ಪನವರು ನೆಟ್ಟಗಾದರು. ಬೆಲೆಗೆ ಯಾರಾದರೂ ಎದುರಾಡಿದರೆ ಅವರು ವ್ಯಾಪಾರಿ, ಮಾವ ಅಲ್ಲ. "ಕಾಗದ ಅನ್ಬೇಡ್ರಿ ಸ್ವಾಮಿ. ಹತ್ತೀಲಿ ಮಾಡಿದ್ದು. ಮುಟ್ಟಿ ನೋಡ್ರಿ. ಬ್ಯಾಡ, ಮುಟ್ಬೇಡ್ರಿ, ಆಯಸ್ಸು ಕಮ್ಮಿ ಆಗುತ್ತೆ. ಇನ್ನೂರು ವರ್ಷ ಬಣ್ಣ ಕೆಡಲ್ಲ. ಒಂದು ಚಿತ್ರಕ್ಕೆ ಹತ್ತೇ ಪ್ರತಿ, ಹನ್ನೊಂದನೇದು ಮಾಡೋ ಪೈಕಿ ಅಲ್ಲ ನಮ್ಮ ಅಳಿಯಂದ್ರು."

"ಗಿರಾಕಿ ಬಂದರೂ?"

"ಬಾಗ್ಲಾಗೆ ಬಂದು ನಿಂತ್ರೂ ಮಾಡಲ್ಲ. ಅದು ಮರ್ಯಾದೆ."

ಸುಮಿತ್ರಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಹನುಮೇಶ್ ಬಾಯಿ ತೆರೆದುಕೊಂಡು ಮಾವನನ್ನೇ ನೋಡುತ್ತಿದ್ದ. ಸಾಹೇಬರು ಫೋನ್ ತೆಗೆದು ಮೇಲಿನವರಿಗೆ ಮಾಡಿದರು. "ಸರ್, ಸ್ಯಾಂಪಲ್ ಎಂಟು ಸಾವಿರ ಆಗುತ್ತೆ. ಇಲ್ಲ ಸರ್, ಕ್ವಿಂಟಲ್ ಅಲ್ಲ. ಇಲ್ಲ ಸರ್, ತಿನ್ನೋದಲ್ಲ. ಜನ ಸೇರಿದ್ದಾರೆ ಸರ್. ಆಗಲಿ ಸರ್." ದುಡ್ಡು ಹೊರಬಂತು. ಅಂಜನಪ್ಪನವರು ಉಗುಳು ಹಚ್ಚಿ ಎಣಿಸಿದರು. ರಶೀದಿ ಆಯಿತು, ಸರ್ಕಾರದ ಮೊಹರು ಬಿತ್ತು. ಪಂಚರ ಸಹಿ ಎಂದು ನಾನೂ ಹೆಬ್ಬೆಟ್ಟು ಒತ್ತಿದೆ. ಸಹಿ ಬರುತ್ತದೆ, ಆದರೆ ಹೆಬ್ಬೆಟ್ಟಿ‌ಗೆ ತೂಕ ಜಾಸ್ತಿ.

ಆಗ ಓಬಕ್ಕ ಸಾಹೇಬರ ಹತ್ತಿರ ಸರಿದಳು. ಟೀ ಲೋಟ ಅವಳ ಬಾಯಿಗೆ ಹಿಡಿಯಲು ಓಡಿದೆ, ತಡವಾಗಿತ್ತು.

"ಯಾವೂರು ಸಾಹೇಬ್ರೆ ತಮ್ಮದು?"

ಹನುಮೇಶ್ ಕಣ್ಣು ಮುಚ್ಚಿದ. ಸುಮಿತ್ರಾ ಯಂತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೀದರ್," ಎಂದರು ಸಾಹೇಬರು.

"ಬೀದರಾಗೆ?"

"ಬೀದರ್ ದಾಟಿ ಇನ್ನೂ ಮೂವತ್ತು ಕಿಲೋಮೀಟರ್."

ಓಬಕ್ಕ ಜಂತಿ ನೋಡಿದಳು. ತುಟಿ ಅಲ್ಲಾಡಿಸಿದಳು. ಬೆರಳು ಮಡಿಸಿದಳು, ಬಿಡಿಸಿದಳು. "ತಾಯಿ ಕಡೆ?" ಎಂದಳು.

"ಅದಕ್ಕೂ ಆಚೆ."

ಓಬಕ್ಕ ಮತ್ತೊಮ್ಮೆ ಬೆರಳು ಮಡಿಸಿದಳು. ಆಮೇಲೆ ಸೋತವಳ ಹಾಗೆ ತಲೆಯಾಡಿಸಿದಳು. "ಆ ಕಡೀಗೆ ನಮ್ಮೋರು ಯಾರೂ ಹೆಣ್ಣು ಕೊಟ್ಟಿಲ್ಲ. ತಂದೂ ಇಲ್ಲ. ಪೂರಾ ಹೊರಗಿನೋರು ಕಣಪ್ಪ ಇವ್ರು."

ಎರಡನೇ ಸಲ ನೋಟು ಎಣಿಸುತ್ತಿದ್ದ ಅಂಜನಪ್ಪನವರು ನಿಲ್ಲಿಸಿದರು.

ಸುಮಿತ್ರಾ ಬಹಳ ಮೆಲ್ಲಗೆ ಕೇಳಿದಳು: "ಅಪ್ಪಾ, ಇವತ್ತು ಅಮಾಸೆ ಅಲ್ವಾ?"

ಅಂಜನಪ್ಪನವರು ಕೈಯಲ್ಲಿದ್ದ ನೋಟು ನೋಡಿದರು, ರಶೀದಿ ನೋಡಿದರು, ಸಾಹೇಬರ ಗ್ಲೌಸು ನೋಡಿದರು. ತಾವೇ ಬೆಲೆ ಹೇಳಿ, ತಾವೇ ಚೌಕಾಸಿ ತಡೆದು, ತಾವೇ ಎಣಿಸಿಕೊಂಡ ವ್ಯಾಪಾರ. ಹೊಸ್ತಿಲಿಗೆ ಹೋಗಿ ಖಾಲಿ ಚೀಲದ ಕಟ್ಟನ್ನು ತಾವೇ ಹೆಗಲಿಗೆ ಏರಿಸಿಕೊಂಡರು.

"ಒಂದು ಮಾರಿ ಅಂದ್ರೆ ನಾಲ್ಕು ಮಾರಿದ್ರಲ್ಲ ಅಳಿಯಂದ್ರೆ," ಎಂದರು. "ಮೇಷ್ಟ್ರಿಗೆ ಕೊಟ್ಟಿದ್ದು ಬಿಟ್ರೆ ಇನ್ನು ಐದು ಅವೆಯಲ್ಲ, ಅವಕ್ಕೆ ರೇಟು ಏರಿಸ್ರಿ. ಮಾಲು ಕಮ್ಮಿ ಆಗೈತೆ."

ಎರಡು ತಿಂಗಳ ಮೇಲೆ ಲ್ಯಾಬಿನಿಂದ ವರದಿ ಬಂತು. ಸುಮಿತ್ರಾ ಓದಿ ಹೇಳಿದಳು: ಸದರಿ ಮಾದರಿಯಲ್ಲಿ ಅಡಿಕೆಯ ಅಂಶ ಕಂಡುಬಂದಿರುವುದಿಲ್ಲ, ಹತ್ತಿಯ ಅಂಶ ಹೇರಳವಾಗಿರುತ್ತದೆ, ಬಣ್ಣವು ಅತ್ಯುತ್ತಮವಾಗಿರುತ್ತದೆ. ಹನುಮೇಶ್ ಆ ವರದಿಗೂ ಹತ್ತಿ ಕಾಗದದ ಮೇಲೆ ಒಂದು ಪ್ರಿಂಟ್ ತೆಗೆದು, ಫ್ರೇಮು ಹಾಕಿ, ಬೋರ್ಡಿನ ಕೆಳಗೆ ತೂಗುಹಾಕಿದ್ದಾನೆ. ಉಳಿದ ಐದೂ ಹೋದವು. ಒಂದನ್ನು ಜಂಪಣ್ಣನೇ ಕೊಂಡ. ತನ್ನ ಗೋಡೌನಿನಲ್ಲಿ ಹಳೇ ಅಡಿಕೆಯ ಎದುರಿಗೆ ಕಟ್ಟಿದ್ದಾನೆ, ನೋಡಿಯಾದರೂ ಕಲಿಯಲಿ ಎಂದು.

ಸರಿ, ಕಥೆ ಇಷ್ಟೇ. ನೀವು ಪುಕ್ಕಟೆ ಕೇಳಿದೆ ಎಂದುಕೊಂಡು ಮೆಲ್ಲಗೆ ಎದ್ದು ಹೊರಡುವ ಹಾಗಿದೆ. ಆದರೆ ನೀವು ನನ್ನಿಂದ ತೆಗೆದುಕೊಂಡದ್ದು ಸ್ಯಾಂಪಲ್ಲು, ಅದೂ ನಾಲ್ಕು ಭಾಗವಾಗುವಷ್ಟು. ಎದುರಿಗೇ ಹೋಟೆಲ್ ಇದೆ. ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ, ಒಂದು ಟೀ ಹೇಳಿ. ಕೇಳಿದ್ದು ಸುಳ್ಳು ಅನ್ನಿಸಿದರೆ ಮಿರ್ಚಿ ಮೂರು ಹೇಳಿ. ಸುಳ್ಳಿಗೆ ಖರ್ಚು ಜಾಸ್ತಿ.